ಚಿಕ್ಕಿಯ ಹಿಂದೆ ಬರುತ್ತಿದ್ದ ಎಮ್ಮೆ

ಜಕ್ಕೂರು ಕೆರೆಗೆ ಆಗಿನ್ನೂ ಬೇಲಿಯಿರಲಿಲ್ಲ. ದನ, ಮಕ್ಕಳು, ಬಟ್ಟೆ ಒಗೆಯುವವರು ಯಾವ ಕಡೆಯಿಂದ ಬೇಕಾದರೂ ನೀರಿಗಿಳಿಯಬಹುದಾಗಿದ್ದ ಕಾಲ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ತಲೆಯ ಮೇಲೆ ಗುಂಯ್‌ಗುಟ್ಟಿದರೆ ಕತ್ತೆತ್ತಿ ನೋಡುತ್ತಿದ್ದವರು ನೆಂಟರ ಮನೆಯ ಮಕ್ಕಳು ಮಾತ್ರ. ಅವರೆಕಾಯಿ ಕಾಲ ಬಂತೆಂದರೆ ನಮ್ಮ ಬೆರಳಿಗೆಲ್ಲ ಸೊಗಡು ಹತ್ತಿರುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಂಥ ಒಂದು ಅವರೆ ಕಾಲದಲ್ಲಿ ನಡೆದದ್ದು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ನಿಮ್ಮಲ್ಲಿ ದನ ಸಾಕಿದವರಿದ್ದರೆ ನಿಮಗಾದರೂ ಅರ್ಥವಾದೀತು.

ನಮ್ಮ ಹಸು ಚಿಕ್ಕಿ. ಹಣೆಯಲ್ಲಿ ಬಿಳಿ ಮಚ್ಚೆ, ಕೊರಳಲ್ಲಿ ಗಂಟೆ. ಶಾಲೆ ಬಿಟ್ಟ ಮೇಲೆ ಅದನ್ನು ಕೆರೆಯಂಗಳಕ್ಕೆ ಹೊಡೆದುಕೊಂಡು ಹೋಗುವುದು ನನ್ನ ಕೆಲಸ. ಪಕ್ಕದೂರು ಕೋಗಿಲಿನ ಕಡೆಯಿಂದ ಭಾಗ್ಯ ತನ್ನ ತಾತನ ಎಮ್ಮೆ ಕಾಳಿಯನ್ನು ಹಗ್ಗ ಹಿಡಿದು ತರುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಕಾಳಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಚಿಕ್ಕಿಯ ಗಂಟೆ ಕೇಳಿದ್ದೇ ತಡ, ಕಿವಿ ಮುಂದೆ ಮಾಡಿ ನೆಟ್ಟಗೆ ಬಂದು, ಅದರ ಪಕ್ಕೆ ಮೂಸಿ, ಜೊತೆಗೇ ಮೇಯುತ್ತಿತ್ತು. ಅದು ನೀರಿಗಿಳಿದರೆ ಇದೂ ಇಳಿಯುತ್ತಿತ್ತು. ನಾವಿಬ್ಬರೂ ಹಗ್ಗ ಬಿಟ್ಟು ಏರಿಯ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದೆವು. ಭಾಗ್ಯಳದು ಬೇರೆ ಊರು, ಬೇರೆ ಶಾಲೆ. ಈ ದನಗಳಿಲ್ಲದಿದ್ದರೆ ನಮಗೆ ಪರಿಚಯವೇ ಆಗುತ್ತಿರಲಿಲ್ಲ.

ಚಿಕ್ಕಿ ಕರು ಹಾಕಿತು. ಅಪ್ಪ ಹಸು, ಕರು ಎರಡನ್ನೂ ಕೊಟ್ಟಿಗೆಯಲ್ಲೇ ಕಟ್ಟಿಕೊಂಡರು. ನಾನು ಡಬ್ಬಿಯಲ್ಲಿ ಗಿಣ್ಣು ಹಿಡಿದು ಕುಣಿಯುತ್ತ ಕೆರೆಗೆ ಹೋದರೆ ಭಾಗ್ಯ ಅಳುತ್ತಿದ್ದಾಳೆ. ಚಿಕ್ಕಿಯ ಗಂಟೆ ಕೇಳಿಸದೆ ಕಾಳಿ ಹೆಜ್ಜೆ ಕಿತ್ತಿಡುತ್ತಿಲ್ಲ. ಜೊತೆಗೆ ಬಂದಿದ್ದ ಅವಳ ತಾತ ಬೀಡಿ ಕಚ್ಚಿಕೊಂಡೇ ಹೇಳಿದರು.

"ಕಣ್ ಕಾಣ್ದ ಎಮ್ಮೆನ ಎಳ್ಕೊಂಡು ಎಷ್ಟ್ ದಿನ ಓಡಾಡಾದು? ರೋಡಲ್ಲಿ ಟಿಪ್ಪರ್‌ಗಳು ಬೇರೆ ಇಂಗ್ ಓಡ್ತವೆ. ಸಂತೆಗೆ ಒಡ್ಕೊಂಡೋಗ್ತೀನಿ."

"ಬ್ಯಾಡ ತಾತ, ಅದಾಗದೇ ನಡೀತೈತೆ!" ಎಂದಳು ಭಾಗ್ಯ.

"ಎಲ್ ನಡೀತೈತೆ? ನಿಂತವ್ಳೆ ನೋಡು ಕಂಬದಂಗೆ."

ಸಂತೆಯಲ್ಲಿ ಕುರುಡು ಎಮ್ಮೆಯನ್ನು ಕೊಳ್ಳುವವರು ಯಾರೆಂದು ನಮಗೆ ಗೊತ್ತಿತ್ತು. ಮಾರನೆಯ ದಿನ ನಾನು ಚಿಕ್ಕಿಯ ಗಂಟೆ ಬಿಚ್ಚಿ ತಂದು ಅಲ್ಲಾಡಿಸಿದೆ. ಕಾಳಿ ಸರಸರ ಬಂತು. ನನ್ನ ಲಂಗ ಮೂಸಿತು. ಬುಸ್ಸೆಂದು ಹಿಂದೆ ಸರಿಯಿತು.

"ನೀನು ಸೋಪ್ ವಾಸ್ನೆ ಹೊಡೀತೀಯ ಕಣೇ," ಎಂದಳು ಭಾಗ್ಯ, ಎಂದಿನಂತೆ ಕತ್ತು ವಾಲಿಸಿ.

ಸರಿ, ಮರುದಿನ ಚಿಕ್ಕಿ ಮಲಗುವ ಗೋಣಿತಾಟನ್ನೇ ಹೊದ್ದುಕೊಂಡು ಹೋದೆ. "ಇವ್ಳನ್ನ ಇನ್ಮೇಲೆ ಕೊಟ್ಟಿಗೇಲೇ ಮಲಗಿಸ್ಬೇಕು," ಎಂದು ಅಮ್ಮ ಮೂಗು ಮುಚ್ಚಿಕೊಂಡರು. ಕಾಳಿ ಬಂತು, ಮೂಸಿತು, ಸ್ವಲ್ಪ ಯೋಚಿಸಿತು. ಆಮೇಲೆ ನನ್ನ ಬೆನ್ನಿಗೆ ಮೂತಿ ತಾಗಿಸಿಕೊಂಡು ನೀರಿನವರೆಗೂ ನಡೆದು ಬಂತು. ಅದರ ಬಿಸಿಯುಸಿರು ಕತ್ತಿಗೆ ಬೀಳುತ್ತಿದ್ದರೆ ಹೆಮ್ಮೆಯೂ ಆಗುತ್ತಿತ್ತು, ಒಂಥರಾ ನಾಚಿಕೆಯೂ ಆಗುತ್ತಿತ್ತು.

ತಾತ ನಕ್ಕುಬಿಟ್ಟರು. "ಏನವ್ವಾ, ನೀನೇ ದನ ಆಗ್ಬುಟ್ಯಾ? ಆಯ್ತು, ಇರ್ಲಿ ಬುಡು ಎಮ್ಮೆ. ನಿಮ್ ಹಸ ಬರಗಂಟ ನೋಡನ."

ಹಾಗೆಯೇ ನಡೆಯಿತು. ಕೊನೆಗೆ ಚಿಕ್ಕಿ ಕರುವಿನ ಜೊತೆ ಕೆರೆಗೆ ಬಂದ ಸಂಜೆ ನಮಗೆ ಹಬ್ಬ. ಗಂಟೆ ಕೇಳಿ ಕಾಳಿ ಓಡಿಯೇ ಬಂತು, ಮೂತಿ ಚಾಚಿತು. ನಡುವೆ ಕರುವಿತ್ತು. ಚಿಕ್ಕಿ ತಲೆ ತಗ್ಗಿಸಿ ಕಾಳಿಯ ಪಕ್ಕೆಗೆ ಹಾಯ್ದೇ ಬಿಟ್ಟಿತು. ಕೆಸರಿನಲ್ಲಿ ಬಿದ್ದ ಕಾಳಿ ಎದ್ದು ಮತ್ತೆ ಗಂಟೆಯ ಕಡೆಗೇ ಬಂತು. ಮತ್ತೆ ಹಾಯಿಸಿಕೊಂಡಿತು. ನಾನು ಓಡಿಹೋಗಿ ಏರಿಯ ಮೇಲೆ ಬಿಟ್ಟಿದ್ದ ಗೋಣಿ ಹೊದ್ದು, "ಬಾ ಕಾಳಿ, ಬಾ" ಎಂದು ಗೋಗರೆದೆ. ನನ್ನನ್ನು ಮೂಸಿ, ಅದೇ ವಾಸನೆಗೆ ಬೆದರಿ ಹಿಂದೆ ಸರಿಯಿತು. ಒಂದು ಕಿವಿ ಅತ್ತ, ಒಂದು ಕಿವಿ ಇತ್ತ ಮಾಡಿಕೊಂಡು ಅಲ್ಲೇ ನಿಂತಿತು.

"ನಿಮ್ ಹಸ ಸರಿಯಿಲ್ಲ," ಎಂದು ಭಾಗ್ಯ ಹಗ್ಗ ಎಳೆದುಕೊಂಡು ಹೋದಳು. ಆ ವಾರವೇ ತಾತ ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋದರು.

"ಎಳೆಗರು ಇರೋ ಹಸು ಹತ್ರಕ್ಕೆ ಯಾರನ್ನೂ ಬಿಟ್ಕೊಳಲ್ಲ ಕಣಮ್ಮ, ಅದ್ರ ತಪ್ಪಲ್ಲ," ಎಂದರು ಅಪ್ಪ. ತಪ್ಪಲ್ಲ ಸರಿ. ಆದರೆ ಚಿಕ್ಕಿಗೆ ಕಾಳಿಯ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಹಾಯ್ದಿತೋ? ಅಷ್ಟು ದಿನ ನನ್ನ ಬೆನ್ನಿಗೆ ಮೂತಿಯಿಟ್ಟು ನಡೆದ ಕಾಳಿ ನನ್ನನ್ನು ಯಾರೆಂದುಕೊಂಡಿತ್ತು? ಕೇಳಿದರೆ ಅಪ್ಪ ನಕ್ಕರು. ನನಗೆ ಅಳು ಬಂತು.

ಕೆಲವು ಸಂಜೆ ಏರಿಯ ಮೇಲೆ ಕಾದೆ. ಎಮ್ಮೆಯೇ ಇಲ್ಲದ ಮೇಲೆ ಭಾಗ್ಯ ಕೆರೆಗೆ ಯಾಕೆ ಬರುತ್ತಾಳೆ ಎಂದು ಹೊಳೆಯುವಷ್ಟರಲ್ಲಿ ಅವರೆ ಕಾಲ ಮುಗಿದಿತ್ತು.

ಈಗ ಕೆರೆಗೆ ಬೇಲಿಯಿದೆ, ಗೇಟಿದೆ, ವಾಕಿಂಗ್ ಹಾದಿಯಿದೆ. ದನಗಳು ನಡೆದಾಡುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಯಾರನ್ನಾದರೂ ನೋಡಬೇಕೆಂದರೆ ಮೊದಲು ಮೆಸೇಜು ಕಳಿಸಿ ಕೇಳುತ್ತೇವೆ. ಸುಮ್ಮನೆ ಒಂದೇ ದಾರಿಯಲ್ಲಿ ನಡೆದದ್ದಕ್ಕೆ ಗೆಳತಿ ಸಿಗುವುದು ನನಗಂತೂ ಆಮೇಲೆ ಆಗಲೇ ಇಲ್ಲ.

ಮೊನ್ನೆ ಕೋಗಿಲು ಸಿಗ್ನಲ್‌ನಲ್ಲಿ ಪಕ್ಕದ ಸ್ಕೂಟರಿನವಳು ಕತ್ತು ವಾಲಿಸಿದ ರೀತಿ ಥೇಟ್ ಭಾಗ್ಯಳದೇ. ಕಾರಿನ ಗಾಜಿಳಿಸಿ, "ಭಾಗ್ಯಾ!" ಎಂದು ಕೂಗಿದೆ. ಅವಳು ತಿರುಗಿ ನನ್ನನ್ನೇ ನೋಡಿದಳು. ಸಿಗ್ನಲ್ ಬಿಟ್ಟಿತು, ಹೊರಟುಹೋದಳು. ಅವಳು ಭಾಗ್ಯಳೇ ಅಲ್ಲವೋ, ನನ್ನ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಹೋದಳೋ.