ಸೊಸೆ ಮಾಡದೆ ಬಿಟ್ಟ ಫೋನು

ನನ್ನ ಸೊಸೆ ಶಾಸನಸಭೆಯಲ್ಲಿ ಶೀಘ್ರಲಿಪಿ ಬರೆಯುವವಳು. ಅಲ್ಲಿ ಬ್ಯಾಂಕು ಮತ್ತು ವಸತಿಯ ವಿಚಾರ ನೋಡುವ ಸಮಿತಿಯೊಂದಿದೆ. ಅದರ ಕೋಣೆಯಲ್ಲಿ ಉದ್ದ ಮೇಜಿನ ತುದಿಗೆ ಕೂತು, ಯಾರು ಏನು ಹೇಳಿದರೂ ಬರೆದುಕೊಳ್ಳುವುದು ಅವಳ ಕೆಲಸ. ಹದಿನೇಳು ವರ್ಷದಲ್ಲಿ ಆ ಕೋಣೆಯೊಳಗೆ ಅವಳು ತುಟಿ ಎರಡು ಮಾಡಿಲ್ಲ. ಕಚೇರಿಯವರು ಅವಳಿಗೆ ಮೂಕಿ ಎಂದು ಹೆಸರಿಟ್ಟಿದ್ದಾರೆ. ಮನೆಗೆ ಬಂದರೆ ಮಾತ್ರ ಅರಳು ಹುರಿದ ಹಾಗೆ ಮಾತು.

ಸಮಿತಿ ಎಂದರೆ ಕೋರ್ಟಲ್ಲ. ಎಲ್ಲ ಪಕ್ಷದ ಶಾಸಕರೂ ಕೂತಿರುತ್ತಾರೆ. ದೊಡ್ಡವರನ್ನು ಕರೆದು ಕೇಳುತ್ತಾರೆ, ಹೇಳಿದ್ದನ್ನು ಸದನದ ಮುಂದಿಡುತ್ತಾರೆ. ಜೈಲಿಗೆ ಹಾಕುವುದಿಲ್ಲ. ಆದರೆ ಅಲ್ಲಿ ಆಡಿದ ಮಾತು ಅಚ್ಚಾಗುತ್ತದೆ.

ಅಚ್ಚಾಗುವ ಮೊದಲು ಆ ಹಾಳೆಗಳನ್ನು ಹೇಳಿದವರಿಗೇ ಕಳಿಸುವ ಪದ್ಧತಿಯಿದೆ. ಕೇಳಿಸಿಕೊಂಡದ್ದರಲ್ಲಿ ತಪ್ಪಿದ್ದರೆ ತಿದ್ದಬಹುದು. ಹೇಳಿದ ಮಾತನ್ನೇ ಬದಲಾಯಿಸಿದರೆ ಮೊದಲಿನದೂ ಹಾಗೇ ಉಳಿಯುತ್ತದೆ, ಬದಲಾಯಿಸಿದ್ದು ಅದರ ಕೆಳಗೆ ಅಚ್ಚಾಗುತ್ತದೆ. ಜೊತೆಗೆ ಹೋಗುವ ಪತ್ರದ ಕೊನೆಯಲ್ಲಿ ಇದನ್ನು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಅದಕ್ಕೇ ನನ್ನ ಸೊಸೆ ಒಬ್ಬೊಬ್ಬರಿಗೂ ಫೋನು ಮಾಡಿ, "ಸರ್, ಮಾತು ಬದಲಾಯಿಸಬೇಡಿ, ಎರಡೂ ಅಚ್ಚಾಗತ್ತೆ" ಎಂದು ಹೇಳುತ್ತಿದ್ದಳು. ಅದು ಅವಳ ಕೆಲಸವಲ್ಲ, ಒಳ್ಳೆಯತನ.

ಈಗ ನಮ್ಮ ಮನೆಗೆ ಬೀಗ ಹಾಕಿಸಿದ ಬ್ಯಾಂಕಿನವನ ವಿಷಯ. ನಮ್ಮ ಮೂರನೇ ಮಹಡಿಯ ಮನೆಯನ್ನು ಕಟ್ಟಿ ಮಾರಿದವನು ಇಡೀ ಕಟ್ಟಡವನ್ನೇ ಬ್ಯಾಂಕಿಗೆ ಅಡ ಇಟ್ಟಿದ್ದನಂತೆ. ನಮಗೆ ಗೊತ್ತಾದದ್ದು ಬೀಗ ಬಿದ್ದ ದಿನ. ಬ್ಯಾಂಕಿನ ದೊಡ್ಡ ಅಧಿಕಾರಿ ತಾನೇ ನಿಂತು ನಲವತ್ತು ಮನೆಗೆ ಸೀಲು ಹಾಕಿಸಿದ. ನಮ್ಮ ಯಜಮಾನರಿಗೆ ಆಗ ಲಕ್ವ ಹೊಡೆದು ಎಡಗಡೆ ಸ್ವಾಧೀನವಿರಲಿಲ್ಲ.

"ಮಲಗಿರೋ ಮನುಷ್ಯನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಪ್ಪಾ?" ಎಂದೆ.

"ಅದು ನನ್ನ ಡಿಪಾರ್ಟ್‌ಮೆಂಟಲ್ಲ ಅಜ್ಜಿ," ಎಂದು ಗಡಿಯಾರ ನೋಡಿಕೊಂಡ.

ನನ್ನ ಮಗನೂ ಎದುರುಮನೆಯವರೂ ಅವರನ್ನು ಕುರ್ಚಿಸಮೇತ ಮೂರು ಮಹಡಿ ಇಳಿಸಿದರು. ಹತ್ತೊಂಬತ್ತನೆಯ ದಿನ ಬಾಡಿಗೆ ಕೋಣೆಯಲ್ಲಿ ಅವರು ತೀರಿಕೊಂಡರು.

ಮೂವತ್ತು ದಿನ ಮೊದಲು ನೋಟಿಸು ಕೊಡದೆ ಸೀಲು ಹಾಕುವ ಹಾಗಿಲ್ಲವಂತೆ. ಆದರೆ ಬ್ಯಾಂಕಿನವರು ಹಳೆಯ ತಾರೀಖು ಹಾಕಿದ ನೋಟಿಸು ತೋರಿಸುತ್ತಿದ್ದರು. ಕೊಟ್ಟಿರಲಿಲ್ಲ ಎಂದು ಆ ಅಧಿಕಾರಿಯ ಬಾಯಿಂದಲೇ ಬಂದರೆ ಮಾತ್ರ ನಮಗೆ ಮನೆ. ನಲವತ್ತು ಮನೆಯವರೂ ಸಮಿತಿಗೆ ಅರ್ಜಿ ಕೊಟ್ಟೆವು. ಎರಡು ವರ್ಷಕ್ಕೆ ಅವನಿಗೆ ಕರೆ ಹೋಯಿತು. ಸೊಸೆ ತನ್ನ ಮೇಲಿನವರಿಗೆ, ಇದು ನಮ್ಮ ಮನೆಯ ವಿಷಯ ಎಂದು ಮೊದಲೇ ಹೇಳಿದ್ದಳು. "ನೀನೇನು ಪ್ರಶ್ನೆ ಕೇಳ್ತೀಯಾ? ಕೂತು ಬರಿ," ಎಂದರಂತೆ.

ವಿಚಾರಣೆಯ ದಿನ ಅವನು ಸೊಸೆಯ ಮುಖ ನೋಡಿದ, ತಾನು ಸೀಲು ಹಾಕಿಸಿದ ಮನೆಯವಳೆಂದು ಗುರುತು ಹತ್ತಲಿಲ್ಲ. ಸಮಿತಿಯ ಅಧ್ಯಕ್ಷೆ ತಣ್ಣಗೆ, ಹೊಗಳುವವರ ಹಾಗೆ ಕೇಳಿದರು. "ಒಂದೇ ದಿನ ನಲವತ್ತು ಮನೆ. ಹೇಗೆ ಸಾಧ್ಯ ಆಯ್ತು ನಿಮಗೆ?"

ಹೊಗಳಿಕೆಗೆ ಅವನು ಉಬ್ಬಿಹೋದ. "ಮೊದಲೇ ನೋಟಿಸು ಕೊಟ್ರೆ ಜನ ಕೋರ್ಟಿಗೆ ಓಡ್ತಾರೆ ಮೇಡಂ. ನಾವು ಬೀಗ ಹಾಕಿ ಆಮೇಲೆ ಅಂಟಿಸ್ತೀವಿ."

ಆ ಸಂಜೆ ನಾನು ಸೊಸೆಯ ಬೆನ್ನು ಹತ್ತಿದೆ. "ಇನ್ನೂ ನಾಲ್ಕು ಮಾತು ಸೇರಿಸಿಬಿಡೇ. ಮುದುಕನ್ನ ನಾನೇ ಕೊಂದೆ ಅಂತ ಅವನು ಹೇಳಿದ ಹಾಗೆ ಬರಿ."

"ಸೇರಿಸಿದ್ರೆ ನಾನು ಕೆಟ್ಟೆ, ಅವನು ಉಳ್ಕೊಂಡ. ಸುಮ್ನಿರಿ ಅತ್ತೆ."

"ನಿನಗೆ ಹೊಟ್ಟೆ ಉರಿಯಲ್ವೇನೇ?"

"ಉರಿಯತ್ತೆ. ಅದಕ್ಕೇ ಈ ಸಲ ಫೋನ್ ಮಾಡ್ತಿಲ್ಲ," ಎಂದಳು.

ಹಾಳೆಗಳು ಅವನಿಗೆ ಹೋದವು. ಆರನೆಯ ದಿನ ಅವನೇ ಅವಳ ಮೇಜಿನ ಹತ್ತಿರ ಬಂದ. ನಾಲಿಗೆ ಜಾರಿದ್ದು ಅಷ್ಟರಲ್ಲಿ ತಿಳಿದಿತ್ತು. ಆ ಮಾತಿಗೆ ಕೆಂಪು ಗೆರೆ ಎಳೆದು, ಮೇಲೆ ತನ್ನ ಕೈಯಿಂದಲೇ "ಮೂವತ್ತು ದಿನ ಮೊದಲೇ ನೋಟಿಸು ನೀಡಲಾಗಿತ್ತು" ಎಂದು ಬರೆದು ಸಹಿ ಹಾಕಿದ್ದ. ಅವನ ಬ್ಯಾಂಕಿನಲ್ಲಿ ಅವನು ಗೆರೆ ಎಳೆದರೆ ಅದು ಇಲ್ಲವೇ ಇಲ್ಲ, ಟೈಪಿಸ್ಟು ಹೊಸ ಹಾಳೆ ಹಾಕುತ್ತಾಳೆ. ಎಲ್ಲ ಕಡೆಯೂ ಹಾಗೇ ಎಂದುಕೊಂಡಿದ್ದ.

"ಇದನ್ನ ನೀಟಾಗಿ ಟೈಪ್ ಮಾಡಿಬಿಡಮ್ಮ," ಎಂದನಂತೆ.

"ಆಗಲಿ ಸರ್. ನೀವು ಬರೆದದ್ದು ಒಂದಕ್ಷರಾನೂ ಬಿಡಲ್ಲ," ಎಂದಳಂತೆ ಇವಳು.

ಬಿಡಲಿಲ್ಲ. ಮೇಲೆ ಅವನು ಆಡಿದ್ದು, ಕೆಳಗೆ ಅವನು ತಿದ್ದಿದ್ದು, ಪಕ್ಕದಲ್ಲಿ ತಾರೀಖು. ಬರೀ ನಾಲಿಗೆ ಜಾರಿದ್ದರೆ ಏನಾದರೂ ಹೇಳಿ ನುಣುಚಿಕೊಳ್ಳುತ್ತಿದ್ದನೇನೋ. ಗೆರೆ ಎಳೆದ ಮೇಲೆ ಕಳ್ಳ ಯಾರೆಂದು ಕೇಳುವುದೇ ಬೇಕಾಗಲಿಲ್ಲ. ಸದನದಲ್ಲಿ ಎರಡನ್ನೂ ಒಂದರ ಹಿಂದೊಂದು ಓದಿದರು, ಎರಡೂ ಕಡೆಯವರು ನಕ್ಕರು. ತಿಂಗಳೊಳಗೆ ಬ್ಯಾಂಕಿನವರೇ ಬಂದು ಸೀಲು ಕಿತ್ತರು. ಅವನ ಕೆಲಸ ಹೋಯಿತು.

ಕೆಲಸ ಬಿಟ್ಟು ಹೋಗುವ ಮುಂಚೆ ಅವನು ಸೊಸೆಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ಇದ್ದೆ.

"ಬೇರೆಯವರಿಗೆಲ್ಲ ಹೇಳ್ತೀಯಂತೆ. ನನಗೂ ಒಂದು ಮಾತು ಹೇಳಬಾರದಿತ್ತೇನಮ್ಮ? ನನಗೂ ಹೆಂಡತಿ ಮಕ್ಕಳಿದ್ದಾರೆ."

"ಪತ್ರದ ಕೆಳಗೆ ಬರೆದಿತ್ತು ಸರ್," ಎಂದು ಇಟ್ಟುಬಿಟ್ಟಳು.

ಇಟ್ಟಮೇಲೆ ಅವಳ ಮುಖ ಸಣ್ಣಗಾಯಿತು. "ಪಾಪ ಅನ್ನಿಸ್ತು ಅತ್ತೆ," ಎಂದಳು.

"ನಿನಗೆ ಅನ್ನಿಸಲಿ, ನೀನು ಚಿಕ್ಕವಳು," ಎಂದೆ. ನನಗೆ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ.