ಅಕ್ಕ ಓದುತ್ತಿದ್ದ ಬಾಯಿ

ಎರಡನೇ ಲಸಿಕೆ ಹಾಕಿಸಿಕೊಂಡ ಮೇಲೂ ನಾನು ಮಾಸ್ಕ್ ತೆಗೆಯಲಿಲ್ಲ. ಬೂಸ್ಟರ್ ಆದ ಮೇಲೂ ತೆಗೆಯಲಿಲ್ಲ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಉಳಿದದ್ದನ್ನು ಬರೆಯಲು ಕುಳಿತಾಗಲೆಲ್ಲ ನನ್ನ ನೆನಪು ನನ್ನ ಪರವಾಗಿಯೇ ಮಾತಾಡುತ್ತದೆ. ಅದು ಜಾಣತನ ಮಾಡುತ್ತಿದೆ ಅನ್ನಿಸಿದ ಕಡೆ ನಿಲ್ಲಿಸಿ ಹೇಳುತ್ತೇನೆ. ಎಲ್ಲ ಕಡೆಯೂ ನನಗೆ ಗೊತ್ತಾಗುತ್ತದೆ ಎಂದು ನಂಬಬೇಡಿ.

ನಾನು ಶಿಕಾರಿಪುರದಲ್ಲಿ ಹೈಸ್ಕೂಲ್ ಮೇಷ್ಟ್ರು. ಅಕ್ಕನನ್ನು ಕೊಟ್ಟದ್ದು ಸೊರಬಕ್ಕೆ. ಅವಳಿಗೆ ಒಂಬತ್ತು ವರ್ಷವಿದ್ದಾಗ ಜ್ವರ ಬಂದು ಕಿವಿ ಪೂರ್ತಿ ಹೋಯಿತು. ಮಾತು ಉಳಿಯಿತು. ಉಳಿದ ಮಾತು ಆ ವಯಸ್ಸಿನಲ್ಲೇ ನಿಂತುಬಿಟ್ಟಿತು. ಸೊರಬದಲ್ಲಿ ಇಷ್ಟು ವರ್ಷ ಸಂಸಾರ ಮಾಡಿದರೂ ಅಲ್ಲಿಯವರ ‘ಎಂತ’, ‘ಮಾರಾಯ’ ಅವಳ ಬಾಯಿಗೆ ಬರಲಿಲ್ಲ. ಕೇಳಿದ್ದರೆ ತಾನೆ ಬರುವುದು. ಬೇರೆಯವರು ಹೇಳುವುದನ್ನು ಅವಳು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಅದರಲ್ಲೂ ನನ್ನ ತುಟಿ ಅವಳಿಗೆ ಸಲೀಸು. ಅವಳು ಶಾಲೆ ಬಿಟ್ಟ ಮೇಲೆ ನಾನು ಸಂಜೆ ಬಂದು ನನ್ನ ಪಾಠವನ್ನೆಲ್ಲ ಅವಳ ಮುಂದೆ ದನಿಯಿಲ್ಲದೆ ಒಪ್ಪಿಸುತ್ತಿದ್ದೆ. ನಾನು ಮೇಷ್ಟ್ರಾದದ್ದು ಹಾಗೆಯೇ ಅನ್ನುತ್ತಿದ್ದೆ ಎಲ್ಲರ ಹತ್ತಿರ. ಇದು ಚೆಂದದ ಮಾತು, ಆದ್ದರಿಂದ ನನಗೇ ಅನುಮಾನ. ದಿನಾ ಒಪ್ಪಿಸುತ್ತಿದ್ದೆನೋ, ನಾಲ್ಕಾರು ಸಲವೋ ಗೊತ್ತಿಲ್ಲ.

ಕರೋನಾ ಬರುವ ಹಿಂದಿನ ವರ್ಷ ಅಕ್ಕನಿಗೆ ಕಿಡ್ನಿ ಕಸಿ ಮಾಡಿದರು. ಕೊಟ್ಟವರು ಭಾವ. ಸೊರಬದಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಅವರದು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರ ಕಿಡ್ನಿಯನ್ನು ಅವಳ ಮೈ ತಳ್ಳಿಹಾಕಬಾರದೆಂದು ಅವಳ ರೋಗ ತಡೆಯುವ ಶಕ್ತಿಯನ್ನೇ ಮಾತ್ರೆ ಕೊಟ್ಟು ಕುಗ್ಗಿಸಿದ್ದರು. ಲಸಿಕೆ ಇಂಥವರಿಗೆ ಅಷ್ಟಾಗಿ ಹತ್ತುವುದಿಲ್ಲ, ಸುತ್ತಲಿನವರೇ ಜೋಪಾನವಾಗಿರಬೇಕು ಎಂದು ಡಾಕ್ಟರು ಹೇಳಿದ್ದರು.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಅಕ್ಕನ ಮುಂದೆ ಮಾಸ್ಕ್ ಹಾಕಿದರೆ ಅವಳಿಗೆ ನಾನು ಗೋಡೆ. ತೆಗೆದರೆ ಅಪಾಯ. ಹಾಗಾಗಿ ಉಳಿದ ಎಲ್ಲ ಕಡೆ ಹಾಕಿಕೊಂಡಿರುವುದು. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಸಂತೆಯಲ್ಲಿ, ಸೆಲೂನಿನಲ್ಲಿ. ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಸೊರಬದ ಆ ಅಡುಗೆಮನೆಯಲ್ಲಿ ಮಾತ್ರ ತೆಗೆಯುವುದು.

ಹೊರಗಿನವರಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಆಗುತ್ತಿರಲಿಲ್ಲ. ಹೇಳಲು ಮನಸ್ಸೂ ಇರಲಿಲ್ಲ. ಊರಲ್ಲಿ ಎಲ್ಲರ ಮುಖಗಳೂ ಹೊರಗೆ ಬಂದು ತಿಂಗಳುಗಳಾಗಿದ್ದವು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ದಿನಾ ಒಂದು ಸಲ ಶುರುಮಾಡುತ್ತಿದ್ದರು.

“ಏನ್ ಸಾರ್, ಬಾಯಿಕುಕ್ಕೆ ಇನ್ನೂ ಬಿಚ್ಚಿಲ್ಲ? ನಮ್ಮ ಎತ್ತಿಗಾದ್ರೂ ಒಕ್ಕಲಾಟ ಮುಗಿದ ಮ್ಯಾಲೆ ಬಿಚ್ತೀವಿ.”

“ನಿಮ್ಮ ಎತ್ತು ಹುಲ್ಲು ಕದೀತೈತಿ ಅಂತ ಹಾಕ್ತೀರಿ. ನಾನೇನು ಕದೀಲಿ?”

“ಅದ್ನೇ ನಾವೂ ಕೇಳಾಕತ್ತಿದ್ದು. ಒಳಗ ಏನು ಮೇಯಾಕತ್ತೀರಿ ಅಂತ.”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಾನು ನಕ್ಕಿದ್ದು ಯಾರಿಗೂ ಕಾಣುತ್ತಿರಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಒಬ್ಬ ದರ್ಜಿ ಸಾಬರು ನನಗೆ ರವಿಕೆಯ ಲೈನಿಂಗ್ ಬಟ್ಟೆ ಮೂರು ಪದರ ಹಾಕಿ ಮಾಸ್ಕ್ ಹೊಲಿದುಕೊಡುತ್ತಿದ್ದರು. ಅಕ್ಕನ ವಿಷಯ ನಾನು ಹೇಳಿದ್ದು ಅವರೊಬ್ಬರಿಗೇ. ಒಂದು ಭಾನುವಾರ ಅವರು ತುಟಿಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಕೂಡಿಸಿದ ಒಂದನ್ನು ತಯಾರು ಮಾಡಿ ಇಟ್ಟಿದ್ದರು. ಹೊಸ ಅಂಗಿಯ ಪೊಟ್ಟಣದಿಂದ ಕತ್ತರಿಸಿದ ಪ್ಲಾಸ್ಟಿಕ್ಕು.

“ಹಾಕ್ಕಂಡು ಮಾತಾಡ್ರಿ ಮೇಷ್ಟ್ರೇ, ನೋಡಾಣ.”

ನಾಲ್ಕು ಮಾತು ಆಡುವಷ್ಟರಲ್ಲಿ ಪ್ಲಾಸ್ಟಿಕ್ಕಿಗೆ ಒಳಗಿನಿಂದ ಆವಿ ಹಿಡಿಯಿತು. ಸಾಬರು ಕನ್ನಡಕ ತೆಗೆದು ಹಾಕಿ ನೋಡಿದರು. “ಮಂಜು ಬಿದ್ದಂಗಾತು. ಇದು ನಿಮ್ಮ ಅಕ್ಕೋರಿಗೆ ಅಲ್ಲ, ಕಳ್ಳರಿಗೆ ಆಗ್ತದ್ರಿ,” ಅಂದು ತಾವೇ ಅದನ್ನು ಬಿಚ್ಚಿ, ಕಿವಿಯ ಎಲಾಸ್ಟಿಕ್ ಮಾತ್ರ ಉಳಿಸಿಕೊಂಡರು.

ಸೊರಬದಲ್ಲಿ ಬಚ್ಚಲಿಗೆ ಹೋಗಿ ಕೈ ಮುಖ ಸೋಪು ಹಾಕಿ ತೊಳೆದು, ಮಾಸ್ಕನ್ನು ಚೀಲದಲ್ಲಿ ಕಟ್ಟಿಟ್ಟು, ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದೆ. ಬೆಳಕು ನನ್ನ ತುಟಿಯ ಮೇಲೆ ಬೀಳಬೇಕು, ಅದಕ್ಕೆ. ಅಕ್ಕ ಎದುರಿಗೆ ಕುಳಿತು ಸೊಪ್ಪೋ ಅವರೆಯೋ ಬಿಡಿಸುತ್ತ, ಕೈ ನೋಡದೆ ನನ್ನ ಬಾಯಿ ನೋಡುತ್ತಿದ್ದಳು. ವಾರದ ಸುದ್ದಿಯೆಲ್ಲ ಹೇಳುತ್ತಿದ್ದೆ. ಗಣಿತದ ಮೇಷ್ಟ್ರ ಎತ್ತಿನ ಮಾತನ್ನು ನಾಲ್ಕು ಸಲ ಹೇಳಿಸಿಕೊಂಡು ನಕ್ಕಳು. ತನ್ನ ನಗು ಎಷ್ಟು ಜೋರು ಎಂದು ಅವಳಿಗೆ ತಿಳಿಯದು. ಮನೆಯ ಮುಂಭಾಗದ ಅಂಗಡಿಯಿಂದ ಭಾವ ಎದ್ದು ಬಂದು ನೋಡಿ ಹೋಗುತ್ತಿದ್ದರು. ಈ ಭಾನುವಾರಗಳು ಎಷ್ಟಾದವು ಎಂದು ಈಗ ಎಣಿಸಲು ಹೋದರೆ ಎಲ್ಲ ಸೇರಿ ಒಂದೇ ಭಾನುವಾರವಾಗಿ ನಿಲ್ಲುತ್ತವೆ.

ನಮ್ಮ ಶಾಲೆಯ ಜವಾನರ ಮಗಳಿಗೆ ಗಂಡು ಗೊತ್ತಾಯಿತು. ಗಂಡಿನ ಮನೆ ಬಳ್ಳಿಗಾವಿ ದಾರಿಯ ಒಂದು ಹಳ್ಳಿ. ವೀಳ್ಯಶಾಸ್ತ್ರಕ್ಕೆ ಹೆಣ್ಣಿನ ಕಡೆಯಿಂದ ನಾನು ಬರಬೇಕು ಎಂದು ಹಟ ಹಿಡಿದರು.

“ನೀವು ಬಂದು ಕುಂತ್ರೆ ಸಾಕು ಸಾ. ನಮ್ಮ ಕಡಿ ಓದಿದೋರು ಯಾರದಾರ್ರಿ?”

ಭಾನುವಾರ ಬೆಳಿಗ್ಗೆ. ಅಲ್ಲಿಂದ ಹಾಗೇ ಸೊರಬದ ಬಸ್ಸು ಹಿಡಿಯಬಹುದು ಎಂದು ಒಪ್ಪಿಕೊಂಡೆ. ಪಡಸಾಲೆಯ ತುಂಬ ಜನ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದೆವು. ಮಾತು ಮುಗಿದು ಎಲೆಯಡಿಕೆಯ ತಟ್ಟೆ ಬಂತು. ಆ ಮನೆಗಳಲ್ಲಿ ಒಂದು ರೂಢಿಯಿದೆ. ಸಾಕ್ಷಿಯಾಗಿ ಕುಳಿತವನು ಎಲೆಯನ್ನು ಅಲ್ಲೇ, ಎಲ್ಲರೆದುರು ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಒಪ್ಪಿದ ಹಾಗೆ. ನಾನು ಎಲೆಯನ್ನು ಮಡಿಸಿ ಅಂಗಿಯ ಕಿಸೆಯಲ್ಲಿ ಇಟ್ಟೆ. ಗಂಡಿನ ಅಜ್ಜ ಎದುರಿನ ಕಂಬಕ್ಕೆ ಒರಗಿ ಕುಳಿತಿದ್ದರು.

“ಏನ್ರೀ ಮೇಷ್ಟ್ರೇ, ಎಲಿ ಕಿಸೆಗೆ ಹೋತಲ್ಲ? ನಮ್ಮನಿ ಎಲಿ ನಿಮಗಾಗಂಗಿಲ್ಲೇನು?”

“ಹಂಗಲ್ರಿ ಯಜಮಾನ್ರೇ. ನಮ್ಮ ಅಕ್ಕಗೆ ಹುಷಾರಿಲ್ಲ, ಅದಕ್ಕೆ ಮಾಸ್ಕ್…”

“ಅಕ್ಕಗೆ ಹುಷಾರಿಲ್ಲಂದ್ರೆ ತಮ್ಮ ಎಲಿ ಹಾಕಬಾರ್ದು ಅಂತ ಯಾವ ಡಾಕ್ಟ್ರು ಬರದ್ರು?”

ಪಡಸಾಲೆ ನಕ್ಕಿತು. ನಗು ನಿಂತ ಮೇಲೆ ಎಲ್ಲರೂ ನನ್ನ ಕಿಸೆಯನ್ನೇ ನೋಡಿದರು. ನಮ್ಮ ಕಡೆ ಒಂದು ಮನೆಯಲ್ಲಿ ಎಲೆ ಮುಟ್ಟದೆ ಎದ್ದು ಹೋದರೆ ಅದಕ್ಕೆ ಒಂದೇ ಅರ್ಥ, ಆ ಅರ್ಥ ಜಾತಿಯದು. ಕ್ಲಾಸಿನಲ್ಲಿ ಅದರ ವಿರುದ್ಧ ವರ್ಷಗಟ್ಟಲೆ ಮಾತಾಡಿದವನು ನಾನು. ಜವಾನರು ತಲೆ ತಗ್ಗಿಸಿ ಜಮಖಾನೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತಿದ್ದರು. ಅವರ ಮಗಳ ಸಂಬಂಧ ನನ್ನ ಕಿಸೆಯಲ್ಲಿತ್ತು.

ಮಾಸ್ಕನ್ನು ಗದ್ದಕ್ಕೆ ಇಳಿಸಿ ಎಲೆ ಹಾಕಿಕೊಂಡೆ. ಅಜ್ಜ ತಾವೇ ಕೈಚಾಚಿ ಸುಣ್ಣ ಕೊಟ್ಟರು. ರೂಢಿಯಿಲ್ಲದ ನಾನು ಹೆಚ್ಚು ಹಚ್ಚಿಕೊಂಡೆ, ನಾಲಿಗೆ ಉರಿಯಿತು. ಆಗ ಯಾರೋ ಕೆಮ್ಮುತ್ತಿದ್ದರು ಎಂದು ಬರೆಯಲು ಹೊರಟಿದ್ದೆ. ಯಾರೋ ಕೆಮ್ಮಿರಲೇಬೇಕು, ಅಷ್ಟು ಜನರಿದ್ದರು. ಆದರೆ ಕೆಮ್ಮು ಕೇಳಿದ ನೆನಪು ನನಗೆ ಬಂದದ್ದು ಎಲ್ಲ ಆದ ಮೇಲೆ. ಎಷ್ಟು ಹೊತ್ತು ಹಾಗೆ ಕುಳಿತಿದ್ದೆ? ಹತ್ತು ನಿಮಿಷ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಊಟವನ್ನೂ ಅಲ್ಲೇ ಮಾಡಿದೆ ಎಂಬುದನ್ನು ಈ ಲೆಕ್ಕದಲ್ಲಿ ಸೇರಿಸುವುದಿಲ್ಲ.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿ, ಕರವಸ್ತ್ರದಿಂದ ತುಟಿ ತಿಕ್ಕಿಕೊಂಡೆ. ಸೊರಬದಲ್ಲಿ ಎಂದಿನಂತೆ ಕಿಟಕಿಗೆ ಮುಖ ಮಾಡಿ ಕುಳಿತೆ. ಒಂದು ಮಾತು ಆಡುವ ಮೊದಲೇ ಅಕ್ಕ ಕೇಳಿದಳು.

“ಎಲಿ ಎಲ್ಲಿ ಹಾಕ್ಕಂಡಿ?”

ಬೇರೆ ಯಾರಿಗೂ ಕಾಣುವಷ್ಟು ಕೆಂಪು ಉಳಿದಿರಲಿಲ್ಲ. ಆದರೆ ನನ್ನ ಬಾಯಿಯನ್ನು ಅವಳಷ್ಟು ನೋಡಿದವರು ಯಾರಿದ್ದಾರೆ?

“ಮನ್ಯಾಗೆ,” ಅಂದೆ. “ಹಂಗೇ ಬಾಯಿಗೆ ಬೇಕನಿಸ್ತು.”

ಅವಳು ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದಳು. ಆಮೇಲೆ ಮುಂದಿದ್ದ ಅವರೆ ಬಿಡಿಸಿದಳು. ಅಕ್ಕನ ಎದುರು ನಾನು ಹೇಳಿದ ಮೊದಲ ಸುಳ್ಳು ಅದಲ್ಲ. ಆದರೆ ಹಿಂದಿನವುಗಳೆಲ್ಲ ಮರೆತುಹೋಗಿವೆ.

ಆ ದಿನ ಅಪಾಯವಿರಲಿಲ್ಲ. ಬೆಳಿಗ್ಗೆ ತಗುಲಿದ್ದು ಮಧ್ಯಾಹ್ನ ಇನ್ನೊಬ್ಬರಿಗೆ ದಾಟುವುದಿಲ್ಲ ಎಂದು ಆಮೇಲೆ ಡಾಕ್ಟರೇ ಹೇಳಿದರು. ಅಪಾಯ ಬುಧವಾರದ್ದು. ಅವಳ ಮಾತ್ರೆ ಸೊರಬದಲ್ಲಿ ಸಿಗುತ್ತಿರಲಿಲ್ಲ, ಶಿಕಾರಿಪುರದ ಮೆಡಿಕಲ್ ಶಾಪಿನವರು ತರಿಸಿಕೊಡುತ್ತಿದ್ದರು. ಆ ಸಲ ತಡವಾಗಿ ಬುಧವಾರ ಬಂತು. ಒಂದು ದಿನವೂ ತಪ್ಪಿಸುವಂತಿಲ್ಲದ ಮಾತ್ರೆ. ಶಾಲೆಗೆ ಅರ್ಧ ದಿನ ರಜೆ ಹಾಕಿ ಹೊರಟೆ. ಬೆಳಿಗ್ಗೆಯಿಂದ ಗಂಟಲಲ್ಲಿ ಉರಿಯಿತ್ತು. ಉಗುಳು ನುಂಗಿದರೆ ತಿಳಿಯುತ್ತಿತ್ತು. ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟಿದೆ, ಇನ್ನೂ ಮಾಗಿಲ್ಲ ಅಂದುಕೊಂಡೆ. ಎಲೆ ಹಾಕುವ ರೂಢಿಯಿಲ್ಲದವರಿಗೆ ಹಾಗೆ ಆಗುತ್ತದೆ, ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ತುಪ್ಪ ಸವರಿಕೊಂಡೆ. ನಿಜವಾಗಿಯೂ ಹಾಗೆ ನಂಬಿದ್ದೆನೇ? ನಂಬಿದ್ದೆ ಎಂದು ಹೇಳಿದರೆ ಕ್ಷಮೆ ಸಿಗುತ್ತದೆ. ನಂಬುವುದು ಅನುಕೂಲವಾಗಿತ್ತು. ಇಷ್ಟೇ ನನ್ನಿಂದ ಹೇಳಲಾಗುವುದು.

ಮಾತ್ರೆಯನ್ನು ಬಾಗಿಲಲ್ಲಿ ಕೊಟ್ಟು ಬರಬಹುದಿತ್ತು. ಅಕ್ಕ ನನ್ನನ್ನು ನೋಡಿ ಬಲು ಹಿಗ್ಗಿದಳು. ವಾರದ ನಡುವೆ ನಾನು ಬಂದದ್ದೇ ಇರಲಿಲ್ಲ. “ಬಾ ತಮ್ಮಾ, ಕುಂತ್ಕ. ಏನೇನಾತು ಹೇಳು,” ಎಂದು ಕಿಟಕಿಯ ಹತ್ತಿರ ಮಣೆ ಹಾಕಿದಳು. ಮುಖ ತೊಳೆದು, ಮಾಸ್ಕ್ ಚೀಲದಲ್ಲಿಟ್ಟು, ಕುಳಿತು ಮಾತಾಡಿದೆ.

ನನಗೆ ಜ್ವರ ಬಂದದ್ದು ಗುರುವಾರ, ಎರಡೇ ದಿನದಲ್ಲಿ ಬಿಟ್ಟಿತು. ಅವಳಿಗೆ ಬಂದದ್ದು ಬಿಡಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಅಲ್ಲಿ ಎಲ್ಲರೂ ಮಾಸ್ಕ್ ಹಾಕಿದವರು. ಏನಾಗುತ್ತಿದೆ ಎಂದು ಒಬ್ಬರ ಬಾಯಿಂದಲೂ ಅವಳಿಗೆ ತಿಳಿಯುವಂತಿರಲಿಲ್ಲ. ಮೈ ಸೋಂಕಿನೊಡನೆ ಹೋರಾಡಲೆಂದು, ಶಕ್ತಿ ಕುಗ್ಗಿಸುವ ಆ ಮಾತ್ರೆಗಳನ್ನು ಕಡಿಮೆ ಮಾಡಬೇಕಾಯಿತು. ಉಸಿರು ಉಳಿಯಿತು. ಕಿಡ್ನಿ ಹೋಯಿತು.

ಯಾರಿಂದ ಬಂತು ಎಂದು ಭಾವ ಕೇಳಲಿಲ್ಲ. ಕೇಳಿದವನು ನಾನೇ. ಹೇಳಲು ಬರುವುದಿಲ್ಲ, ಅಂಗಡಿಗೆ ಬಂದ ಯಾರಿಂದಲೋ ಇರಬಹುದು ಎಂದರು ಡಾಕ್ಟರು. ಆ ‘ಇರಬಹುದು’ವನ್ನು ನಾನು ಬಹಳ ದಿನ ಕಿಸೆಯಲ್ಲಿಟ್ಟುಕೊಂಡು ಓಡಾಡಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಭಾವ ತಮ್ಮ ಪಕ್ಕೆಯನ್ನು ಮುಟ್ಟಿಕೊಂಡು ಹೇಳಿದರು: “ಎಂತ ಮಾಡದು ಮಾರಾಯ್ರೆ. ಒಂದು ಕೊಟ್ಟಾಯ್ತು. ಇನ್ನೊಂದೂ ಕೊಟ್ರೆ ಇವ್ಳಿಗೆ ಅಡುಗೆ ಮಾಡಿ ಹಾಕದು ಯಾರು?” ತಮಾಷೆಗೆ ಅಂದದ್ದು. ಅವತ್ತಿನ ಅವರ ಹತ್ತು ಮಾತು ಅಲ್ಲಿಗೆ ಮುಗಿದವು.

ಈಗ ಅಕ್ಕನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಹೋಗುವುದು, ಬರುವುದು, ಮಲಗುವುದು. ನಾನು ಈಗಲೂ ಮಾಸ್ಕ್ ಹಾಕಿಯೇ ಬಸ್ಸು ಹತ್ತುತ್ತೇನೆ. ಗಣಿತದ ಮೇಷ್ಟ್ರು ಎತ್ತಿನ ಮಾತು ಬಿಟ್ಟಿದ್ದಾರೆ, ಸುದ್ದಿ ತಿಳಿದಿರಬೇಕು. ಜವಾನರ ಮಗಳ ಮದುವೆಯಾಗಿದೆ, ಚೆನ್ನಾಗಿದ್ದಾಳಂತೆ. ಶಿರಾಳಕೊಪ್ಪದ ಸಾಬರು ಹೊಲಿದುಕೊಡುತ್ತಲೇ ಇದ್ದಾರೆ, ಅಕ್ಕನ ಬಗ್ಗೆ ಕೇಳುವುದನ್ನು ನಿಲ್ಲಿಸಿದ್ದಾರೆ.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಭಾನುವಾರ ನಾನು ಮುಖ ತೊಳೆದು ಅವಳ ಮಂಚದಿಂದ ದೂರ, ಕಿಟಕಿಯ ಬೆಳಕಿಗೆ ಕುಳಿತೆ. ಬಾಯಿ ತೆರೆಯುತ್ತಿದ್ದಂತೆ ಅಕ್ಕ ಕಣ್ಣು ಮುಚ್ಚಿದಳು. ಸುಸ್ತು ಅಂದುಕೊಂಡೆ. ಸುಮ್ಮನಾದೆ, ತೆರೆದಳು. ಮತ್ತೆ ಶುರುಮಾಡಿದೆ, ಮತ್ತೆ ಮುಚ್ಚಿದಳು. ಕಿವಿ ಕೇಳದವರು ಕಣ್ಣು ಮುಚ್ಚಿದರೆ ಎದುರಿನವನು ಎಷ್ಟು ಕೂಗಿದರೂ ಅಷ್ಟೇ. ನಿಜಕ್ಕೂ ಸುಸ್ತೇ ಇರಬಹುದು. ಡಯಾಲಿಸಿಸ್ ಆದವರು ಹಾಗೆಯೇ ಇರುತ್ತಾರೆ ಎಂದು ಭಾವ ಹೇಳುತ್ತಾರೆ. ಆದರೆ ಭಾವ ಮಾತಾಡುವಾಗ ಅವಳ ಕಣ್ಣು ತೆರೆದೇ ಇರುತ್ತದೆ.

ಹೋದ ಭಾನುವಾರವೂ ಹಾಗೇ ಆಯಿತು. ಮುಚ್ಚಿದ ಕಣ್ಣಿನಲ್ಲೇ ಅವಳು, “ಹಾಕ್ಕ ತಮ್ಮಾ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ದನಿಯಲ್ಲಿ ಅದೆಲ್ಲ ತಿಳಿಯುವುದೂ ಇಲ್ಲ. ಚೀಲದಿಂದ ಮಾಸ್ಕ್ ತೆಗೆದು ಹಾಕಿಕೊಂಡು ಅವಳ ಕೈ ಮುಟ್ಟಿದೆ. ಕಣ್ಣು ತೆರೆದು ನನ್ನನ್ನು ನೋಡಿದಳು, ಬಹಳ ಹೊತ್ತು, ಮೊದಲಿನ ಹಾಗೆ.

ಆಗ ಬಟ್ಟೆಯ ಒಳಗಿನಿಂದ ಎಲ್ಲ ಹೇಳಿದೆ. ಬಳ್ಳಿಗಾವಿ ದಾರಿಯ ಮನೆ, ಎಲೆ, ಊಟ, ಬುಧವಾರದ ಗಂಟಲು.

“ಬಟ್ಟಿ ಅಲ್ಲಾಡ್ತು,” ಅಂದಳು ಅಕ್ಕ. “ಏನಾರ ಅಂದ್ಯೇನು?”

ಇಲ್ಲ ಎಂದು ತಲೆಯಾಡಿಸಿದೆ.