ಕೊಳಲಿನ ಜಾಗದಲ್ಲಿ ನನ್ನ ಮೂಗು

ಸಣ್ಣ ಬಜೆಟ್ಟಿನ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡುವ ನಮ್ಮಂಥವರಿಗೆ ಒಂದು ದುರಭ್ಯಾಸವಿದೆ. ವಾದ್ಯದವರು ಬಂದು ನುಡಿಸುವವರೆಗೆ ಆ ಜಾಗದಲ್ಲಿ ನಾವೇ ಗುನುಗಿ ಕಳಿಸುತ್ತೇವೆ. ಎಡಿಟಿಂಗಿಗೆ ಅಳತೆ ಸಿಕ್ಕರೆ ಸಾಕು, ಆಮೇಲೆ ಅಳಿಸುತ್ತಾರೆ ಎಂಬ ನಂಬಿಕೆ. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲಿ, ಬೀರುವಿನ ಬಾಗಿಲು ತೆರೆದು, ಪ್ರತಿಧ್ವನಿ ಬಾರದಿರಲೆಂದು ಹೆಂಡತಿಯ ಸೀರೆಗಳ ನಡುವೆ ಮೈಕು ತೂಗುಹಾಕಿ ನಾನೂ ಹಾಗೆ ಗುನುಗಿದ್ದೆ. ದರ್ಜಿಯೊಬ್ಬ ಕೊನೆಯ ಸಲ ಅಂಗಡಿಯ ಷಟರ್ ಎಳೆಯುವ ದೃಶ್ಯ. ಅವತ್ತು ನನಗೆ ಭಾರಿ ನೆಗಡಿ. ‘ಮ’ ಎಂದದ್ದೆಲ್ಲ ‘ಬ’ ಆಗಿ ಹೊರಬಂದಿತ್ತು.

ಆಮೇಲೆ ಕೆಂಗೇರಿಯ ನನ್ನ ಗೆಳೆಯ ಬಂದು ಅದನ್ನೇ ಕೊಳಲಲ್ಲಿ ನುಡಿಸಿದ. ಕಾಲೇಜಿನಿಂದಲೂ ನುಡಿಸುತ್ತಾನೆ, ಹೊಟ್ಟೆಪಾಡಿಗೆ ಬ್ಯಾಂಕು. ಸಿನಿಮಾಕ್ಕೆ ನುಡಿಸಿದ್ದು ಇದೇ ಮೊದಲು. ಮಾರನೆಯ ದಿನವೇ ಬ್ಯಾಂಕಿನಲ್ಲಿ ಮ್ಯಾನೇಜರಿಂದ ಸೆಕ್ಯುರಿಟಿಯವರೆಗೆ ಸುದ್ದಿ ಮುಟ್ಟಿಸಿದ್ದ.

ಕೆಲವು ದಿನಗಳಲ್ಲಿ ನಿರ್ದೇಶಕನ ಫೋನು ಬಂತು. ವಯಸ್ಸಿನಲ್ಲಿ ನನ್ನ ಅರ್ಧ.

“ಸಾರ್, ಕೊಳಲು ಸಖತ್ತಾಗಿದೆ. ಆದ್ರೆ ಬೇಡ.”

“ಮತ್ತೇನ್ ಹಾಕ್ತೀಯಪ್ಪ ಅಲ್ಲಿ?”

“ನೀವೇ ಇರಿ ಸಾರ್. ತಿಂಗಳುಗಟ್ಟಲೆ ನಿಮ್ಮನ್ನೇ ಕೇಳ್ಕೊಂಡು ಎಡಿಟ್ ಮಾಡಿದೀವಿ. ದರ್ಜಿ ಒಳಗೊಳಗೇ ಅಳ್ತಿರೋ ಹಾಗಿದೆ.”

“ಅದು ಅಳು ಅಲ್ಲಪ್ಪ, ನೆಗಡಿ.”

“ಅದೇ ಬೇಕು ಸಾರ್.”

ನೆಗಡಿ ಯಾವತ್ತೋ ವಾಸಿಯಾಗಿತ್ತು. ಇನ್ನೊಮ್ಮೆ ನೆಟ್ಟಗೆ ಗುನುಗಿ ಕಳಿಸಿದೆ. “ಈಗ ನೀವು ಹಾಡ್ತಾ ಇದೀರ ಸಾರ್” ಎಂದು ತಳ್ಳಿಹಾಕಿದ. ಬೇರೆ ದಿನವಾಗಿದ್ದರೆ ಹೊಗಳಿಕೆ ಎಂದುಕೊಳ್ಳುತ್ತಿದ್ದೆ. ಗೆಳೆಯನ ವಿಷಯ ಹೇಳಿ ಗೋಗರೆದೆ. ಪಾಪ, ನಿರ್ದೇಶಕ ಒಳ್ಳೆಯ ಹುಡುಗ. ಕೊಳಲನ್ನು ಕೊನೆಯ ಟೈಟಲ್ಲಿಗೆ ಹಾಕೋಣ ಎಂದ.

ಕೊನೆಯ ಟೈಟಲ್ ಎಂದರೆ ಜನ ಎದ್ದು ಚಪ್ಪಲಿ ಹುಡುಕುವ ಹೊತ್ತು. ಅಲ್ಲಿ ಏನು ನುಡಿಸಿದರೂ ಅದು ಪಾರ್ಕಿಂಗಿಗೆ ಹಿನ್ನೆಲೆ ಸಂಗೀತ.

ಇದನ್ನು ಗೆಳೆಯನಿಗೆ ಫೋನಿನಲ್ಲಿ ಹೇಳಿದರೆ ಹೇಗೆ, ಎದುರಿಗೆ ಹೇಳಿದರೆ ಹೇಗೆ, ಹೇಳುವ ಮೊದಲೇ ನಾನು ಸತ್ತರೆ ಹೇಗೆ ಎಂದೆಲ್ಲ ಹೊರಳಾಡಿದೆ. “ಹೋಗಿ ಹೇಳ್ಬಿಡ್ರೀ, ನಂಗೂ ನಿದ್ದೆ ಬೇಕು” ಎಂದಳು ಹೆಂಡತಿ. ಭಾನುವಾರ ಸ್ಕೂಟರ್ ಹತ್ತಿದೆ.

ಗೆಳೆಯ ಹೆಡ್‌ಫೋನ್ ಹಾಕಿಕೊಂಡು ದರ್ಜಿಯ ದೃಶ್ಯದ ಸಂಗೀತ ಕೇಳಿದ.

“ಏನೋ ಇದು, ಎಮ್ಮೆನಾ?”

“ನಾನೇ ಕಣೋ. ನಿನ್ನ ಕೊಳಲು ತೆಗೆದು ಇದನ್ನ ಇಟ್ಕೊಂಡಿದಾರೆ.”

ಅವನು ನಕ್ಕ ಜೋರಿಗೆ ಅವನ ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದರು. ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದ. ಈ ಸಲ ನಗಲಿಲ್ಲ. ಹೆಡ್‌ಫೋನ್ ತೆಗೆದು ವೈರು ಸುತ್ತತೊಡಗಿದ.

“ಬ್ಯಾಂಕಲ್ಲಿ ಎಲ್ರಿಗೂ ಹೇಳ್ಬಿಟ್ಟಿದೀನಲ್ಲೋ.”

“ಕೊನೇಲಿ ಬರತ್ತೆ ಕಣೋ. ಪೂರ್ತಿ ಬರತ್ತೆ.”

“ಕೊನೇಲಿ ಯಾರೋ ಇರ್ತಾರೆ?”

ಅವನ ಹೆಂಡತಿ ತಂದ ಉಪ್ಪಿಟ್ಟು ತಿಂದೆ. ಅಂಥ ಹೊತ್ತಿನಲ್ಲೂ ಇನ್ನಷ್ಟು ಹಾಕಿಸಿಕೊಂಡೆ.

ವಿಜಯನಗರದ ಸಣ್ಣ ಸಭಾಂಗಣವೊಂದರಲ್ಲಿ ಮೊದಲ ಪ್ರದರ್ಶನ. ಬ್ಯಾಂಕಿನವರೇ ಒಂದು ಸಾಲು ತುಂಬಿದ್ದರು. ದರ್ಜಿಯ ದೃಶ್ಯದಲ್ಲಿ ನನ್ನ ಮೂಗು ದೊಡ್ಡ ಸ್ಪೀಕರುಗಳಲ್ಲಿ ಮೊಳಗಿತು. ನಾನು ಕುರ್ಚಿಯೊಳಗೆ ಇಳಿದು ಕೂತೆ. ಹಿಂದೆ ಯಾರೋ ಸೊರ್ರೆಂದು ಮೂಗೆಳೆದರು. ಅಳುತ್ತಿದ್ದರೋ, ನೆಗಡಿ ಪರದೆಯಿಂದಲೇ ಅಂಟಿತ್ತೋ.

ಪರದೆ ಕಪ್ಪಾಗಿ ಹೆಸರುಗಳು ಏರತೊಡಗಿದವು. ಜನ ದಡಬಡ ಎದ್ದರು. ಕೊಳಲು ಶುರುವಾಯಿತು. ಬ್ಯಾಂಕಿನವರೂ ಬ್ಯಾಗು ಎತ್ತಿಕೊಂಡರು. ಸಾಲಿನ ತುದಿಯಲ್ಲಿದ್ದ ಗೆಳೆಯ ದಾರಿಗೆ ಅಡ್ಡವಾಗಿ ಕಾಲು ಚಾಚಿದ.

“ಸಾರ್, ಕೂತ್ಕೊಳಿ. ಮೇಡಂ, ನೀವೂ. ಇದು ನಾನು.”

ಮ್ಯಾನೇಜರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರು ಕೂತ ಮೇಲೆ ಉಳಿದವರೂ ಕೂತರು. ದೀಪ ಹಾಕಲು ಬಂದವರಿಗೆ ನಾನು ಕೈಮುಗಿದು ತಡೆದೆ. ಖಾಲಿಯಾದ ಸಭಾಂಗಣದಲ್ಲಿ ಆ ಒಂದು ಸಾಲು ಕೊನೆಯ ಸ್ವರದವರೆಗೂ ಅಲ್ಲಾಡಲಿಲ್ಲ. ಮ್ಯಾನೇಜರು ಏಳದೆ ಉಳಿದವರು ಏಳುವ ಹಾಗೂ ಇರಲಿಲ್ಲ.